ಕೇಳದೆ ಹರಕೆಗಿಟ್ಟ ತಲೆ

ಹತ್ತು-ಹನ್ನೆರಡು ದಿನಗಳ ಕೆಳಗೆ ಶಹಾಬಾದಿನ ತಂಗಿಯ ಮನೆಯಿಂದ ಚಿತ್ತಾಪುರಕ್ಕೆ ಹೊರಟವಳು ವಾಡಿ ಸ್ಟೇಷನ್ನಿನಲ್ಲಿ ಇನ್ನೊಂದು ಗಾಡಿಗಾಗಿ ಕಾಯುತ್ತ ಕೂತಿದ್ದೆ. ಎದುರು ಬೆಂಚಿನ ಮೇಲೆ ಒಬ್ಬ ತರುಣ. ಓದಿಕೊಂಡವನ ಹಾಗೆ ಕಾಣುತ್ತಿದ್ದ. ಕೂದಲು ಬಿಡುತ್ತಿದ್ದಾನೆ ಅನ್ನುವುದು ದೂರದಿಂದಲೇ ತಿಳಿಯುತ್ತಿತ್ತು. ಬಿಟ್ಟು ನಾಲ್ಕು ತಿಂಗಳಾಗಿರಬೇಕು ಅನ್ನುವುದೂ ನನಗೆ ತಿಳಿಯಿತು. ಗಾಳಿ ಬೀಸಿದಾಗೊಮ್ಮೆ ಮುಂದಲೆಯ ಕೂದಲು ಕಣ್ಣಿಗೆ ಬೀಳುವುದು, ಅವನು ಕೈಯಿಂದ ಹಿಂದಕ್ಕೆ ತಳ್ಳುವುದು, ಅದು ಮತ್ತೆ ಬೀಳುವುದು. ಪಾಪ, ಪುಸ್ತಕದ ಒಂದು ಹಾಳೆ ಓದುವುದರೊಳಗೆ ಹತ್ತು ಸಲ ತಳ್ಳಿದ.

ನನಗೆ ತಡೆಯಲಾಗಲಿಲ್ಲ. ಕೈಚೀಲದಿಂದ ಎರಡು ಕಪ್ಪು ಪಿನ್ನು ತೆಗೆದು ಅವನ ಮುಂದೆ ಹಿಡಿದೆ.

"ತಮ್ಮಾ, ಇವೆರಡು ಹಚ್ಕೊ. ಕಿವಿ ಮ್ಯಾಲಿಂದ ಹಿಂದಕ್ಕ ಎಳೆದು ಹಚ್ಚಬೇಕು. ಇನ್ನ ಎರಡ ತಿಂಗಳ ಹಿಂಗೇ ಕಾಡ್ತದ, ಆಮ್ಯಾಲ ತಾನೇ ಮಾತ ಕೇಳ್ತದ."

ಅವನು ನಾಚಿಕೊಂಡ. ಆದರೆ ತೆಗೆದುಕೊಂಡ. "ನಿಮಗ ಇದೆಲ್ಲ ಹೆಂಗ ಗೊತ್ರಿ ಆಂಟಿ?" ಅಂದ. ಅಷ್ಟರಲ್ಲಿ ನನ್ನ ಗಾಡಿ ಬಂತು. ಅವನಿಗೆ ಹೇಳಲಾಗದ ಉತ್ತರವನ್ನು ನಿಮಗೆ ಹೇಳುತ್ತೇನೆ. ನಿಮಗೇನೂ ಗಾಡಿ ಹಿಡಿಯುವ ಅವಸರವಿಲ್ಲವಲ್ಲ?

ಚಿತ್ತಾಪುರದ ಮಾರ್ಕೆಟ್ಟಿನಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ ಇದೆ. ನಮ್ಮ ಮನೆಯವರು ಅಲ್ಲಿ ಬಿಳಿ ಗಾದಿಯ ಮೇಲೆ ಕೂತು ಮೂವತ್ತು ವರ್ಷದಿಂದ ಸೀರೆ ತೋರಿಸುತ್ತ ಬಂದಿದ್ದಾರೆ. ಅವರಿಗೆ ಚಟ ಇಲ್ಲ, ಸಿಟ್ಟು ಕಡಿಮೆ, ಊಟದಲ್ಲಿ ಕೊಂಕು ತೆಗೆಯುವುದಿಲ್ಲ. ದೇವರು ಕೊಟ್ಟ ಈ ಮೂರನ್ನೂ ನಾನು ದಿನಾ ಸಂಜೆ ದೀಪ ಹಚ್ಚುವಾಗ ನೆನೆಯುತ್ತೇನೆ. ಒಂದೇ ಒಂದು ಶೋಕಿ, ಅದು ತಲೆಯದು. ಹದಿನೈದು ದಿನಕ್ಕೊಮ್ಮೆ ಕಟಿಂಗ್ ಆಗಲೇಬೇಕು. ಎಡಗಡೆ ಬೈತಲೆ ನೂಲು ಹಿಡಿದು ಗೆರೆ ಎಳೆದ ಹಾಗಿರಬೇಕು. ಅಂಗಿಯ ಜೇಬಿನಲ್ಲಿ ಹಣಿಗೆ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಎಲ್ಲರೂ ಹೊಸ ಹೆಂಡತಿಯ ಮುಖ ನೋಡುತ್ತಾರೆ. ಇವರು ತಲೆ ಮುಟ್ಟಿ ನೋಡಿಕೊಂಡರು. ನಾನು ಕಂಡಿದ್ದೇನೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಮಗಳನ್ನು ಚಿಂಚೋಳಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆಂದು ನಮ್ಮಲ್ಲಿಗೆ ಬಂದವಳು ಎಂಟನೆಯ ತಿಂಗಳಲ್ಲೇ ಹಡೆದಳು. ಹೆಣ್ಣು ಕೂಸು. ನನ್ನ ಅಂಗೈಯಿಂದ ಮೊಣಕೈವರೆಗೆ ಇತ್ತು, ಅಷ್ಟೇ. ದೊಡ್ಡ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಮೂರನೆಯ ದಿನ ಡಾಕ್ಟರಮ್ಮ "ನೋಡೋಣು" ಅಂದರು. "ನೋಡೋಣು" ಅನ್ನುವ ಮಾತು ಎಷ್ಟು ಭಾರ ಅನ್ನುವುದು ಕೇಳಿದವರಿಗೇ ಗೊತ್ತು. ನಾನು ಹೊರಗೆ ಬಂದು ಕಿಟಕಿಯ ಹತ್ತಿರ ನಿಂತು, ಅಳಿಯನ ಮನೆದೇವರನ್ನು ನೆನೆದು ಕೈ ಮುಗಿದೆ.

"ಗುಡ್ಡದ ಮಲ್ಲಯ್ಯ, ಈ ಕೂಸು ಮನಿಗಿ ಬರಲಿ. ಇದರ ಜಾವಳ ಆಗೋತನಕ ನಮ್ಮವರ ತಲಿಗಿ ಕತ್ತರಿ ಮುಟ್ಟಸಂಗಿಲ್ಲ. ಅವತ್ತ ಅಜ್ಜಂದು, ಮೊಮ್ಮಗಳದು ಎರಡೂ ಕೂದಲ ನಿನ್ನ ಪಾದಕ್ಕ."

ಜಾವಳ ಎಂದರೆ ಕೂಸಿನ ಹುಟ್ಟುಗೂದಲನ್ನು ಮೊದಲ ಸಲ ತೆಗೆಸುವ ಕಾರ್ಯ. ನನ್ನ ತಲೆಯನ್ನೇ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆತನದಲ್ಲಿ ಮುತ್ತೈದೆಯರು ಕೂದಲು ಕೊಡುವುದಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ದೇವರಿಗೆ ಕೊಡುವುದಾದರೆ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದನ್ನು ಕೊಡಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಅದು ಇವರ ಕ್ರಾಪು.

ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದ ಇವರ ಹತ್ತಿರ ಹೋಗಿ, "ನಿಮ್ಮ ತಲಿ ಮ್ಯಾಲ ಹರಕಿ ಹೊತ್ತೀನ್ರಿ" ಅಂದೆ. ಮೂರು ದಿನದಿಂದ ನಿದ್ದೆ ಇರಲಿಲ್ಲ ಅವರಿಗೆ. "ಹ್ಞೂಂ" ಅಂದರು. ಆ "ಹ್ಞೂಂ" ಅನ್ನೇ ನಾನು ಒಪ್ಪಿಗೆ ಎಂದು ಗಂಟು ಹಾಕಿಕೊಂಡೆ.

ಹನ್ನೆರಡನೆಯ ದಿನ ಕೂಸು ಮನೆಗೆ ಬಂತು. ಬಾಣಂತಿಗೆ, ಕೂಸಿಗೆ ನೀರು ಹಾಕುವುದರಲ್ಲಿ ಮುಳುಗಿದ್ದೆ. ಆ ಭಾನುವಾರ ಇವರು ಟವೆಲ್ ಹೆಗಲಿಗೆ ಹಾಕಿಕೊಂಡು ಕಟಿಂಗ್ ಅಂಗಡಿಗೆ ಹೊರಟರು. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಎಲ್ಲಿಗ್ರಿ? ಹರಕಿ ಅದಲ್ಲ!"

"ಯಾವ ಹರಕಿ?"

ಹೇಳಿದೆ. "ಅಲ್ಲ, ನನ್ನ ತಲಿ ಕೊಡಾಕ ನಿನಗ ಯಾರ ಹೇಳ್ಯಾರ?" ಅಂದರು. ಒಳಗೆ ಕೂಸು ಅತ್ತಿತು. ಇವರು ಟವೆಲ್ ತೆಗೆದು ಗೂಟಕ್ಕೆ ಹಾಕಿದರು. "ಎಷ್ಟ ದಿನ?" ಎಂದು ಕೇಳಿದರು. "ಜಾವಳ ಒಂಬತ್ತನೇ ತಿಂಗಳಿಗಲ್ಲೇನ್ರಿ? ಅಲ್ಲೀತನಕ" ಅಂದೆ. ನಮ್ಮ ಮನೆಯಲ್ಲಿ ಒಂಬತ್ತನೆಯ ತಿಂಗಳಿಗೇ ತೆಗೆಸುವುದು. ನನ್ನ ಮಕ್ಕಳಿಗೂ ಹಾಗೇ ಆಗಿತ್ತು. ಲೋಕವೆಲ್ಲ ಹಾಗೇ ಮಾಡುತ್ತದೆ ಎಂದು ನನ್ನ ತಿಳುವಳಿಕೆ.

ಮೊದಲ ತಿಂಗಳು ಏನೂ ತೊಂದರೆ ಆಗಲಿಲ್ಲ. ಎರಡನೆಯ ತಿಂಗಳಿಗೆ ಕಿವಿಯ ಮೇಲಿನ ಕೂದಲು ಎರಡೂ ಕಡೆ ಎದ್ದು ನಿಂತವು. ಗಂಡಸರ ಕೂದಲು ಕೆಳಗೆ ಇಳಿಯುವುದಕ್ಕೆ ಮುಂಚೆ ಅಡ್ಡ ಬೆಳೆಯುತ್ತದೆ ಅನ್ನುವುದು ನನಗೂ ಆಗಲೇ ಗೊತ್ತಾಗಿದ್ದು. ಕೊಬ್ಬರಿ ಎಣ್ಣೆ ಹಚ್ಚಿ ಅದುಮಿ ಕೂಡಿಸಿದೆ. ಕೂತವು. ಆದರೆ ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ಕರಗಿ ಒಂದು ಹನಿ ಹಸಿರು ಇಳಕಲ್ ಸೀರೆಯ ಮೇಲೆ ಬಿತ್ತು. ಆ ಸೀರೆಯನ್ನು ನಾನೇ ಉಡಬೇಕಾಯಿತು. ಹೊಸ ಸೀರೆ ಬಂತಲ್ಲ ಎಂದು ಅದನ್ನೂ ಅವತ್ತಿನ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಂಡೆ. ಇವರು ಮಾತ್ರ ಎಣ್ಣೆಯ ಹೆಸರೆತ್ತಬೇಡ ಅಂದರು.

ಆಮೇಲೆ ಬಿಳಿ ಗಾಂಧಿ ಟೋಪಿ ಹಾಕಿ ನೋಡಿದೆವು. ನಮ್ಮ ಕಡೆಯ ಚೈತ್ರದ ಬಿಸಿಲು ನಿಮಗೆ ಗೊತ್ತಿದ್ದರೆ ಹೇಳುವುದೇ ಬೇಡ. ಅಂಗಡಿಯ ತಗಡಿನ ಪತ್ರಾಸ್ ಕೆಳಗೆ ಟೋಪಿಯೊಳಗಿನ ತಲೆ ಇಡ್ಲಿಯ ಹಾಗೆ ಬೆಂದಿತು. ಅದು ಸಾಲದು ಎಂಬಂತೆ ಎದುರು ಅಂಗಡಿಯವರು, "ಏನ್ರಿ, ಎಲೆಕ್ಷನ್‌ಗೆ ನಿಂದ್ರಾಕತ್ತೀರೇನು?" ಎಂದು ಕೇಳಿದರು. ಟೋಪಿಯೂ ಗೂಟಕ್ಕೆ ಹೋಯಿತು.

ನಾಲ್ಕನೆಯ ತಿಂಗಳು ನಿಜವಾದ ಪರೀಕ್ಷೆ. ಕಟ್ಟಬೇಕೆಂದರೆ ಸಾಲದು, ಬಿಡಬೇಕೆಂದರೆ ಕಣ್ಣಿಗೆ ಬೀಳುತ್ತದೆ. ಸೀರೆ ತೋರಿಸುವವರ ಎರಡೂ ಕೈ ಸೀರೆಯಲ್ಲೇ ಇರುತ್ತವಲ್ಲ, ಕೂದಲು ಸರಿಸುವವರು ಯಾರು? ಇವರು ಒಂದು ಉಪಾಯ ಕಂಡುಕೊಂಡರು. ಕೆಳದುಟಿ ಮುಂದೆ ಮಾಡಿ ಫೂ ಎಂದು ಮೇಲಕ್ಕೆ ಊದುವುದು. ನಾಲ್ಕು ದಿನ ನಡೆಯಿತು. ಐದನೆಯ ದಿನ ಗುಂಡಗುರ್ತಿಯ ಒಬ್ಬ ಹೆಣ್ಣುಮಗಳು ಸೀರೆಯನ್ನು ಗಾದಿಯ ಮೇಲೆ ಒಗೆದು ಎದ್ದು ನಿಂತಳಂತೆ.

"ಏನ್ ಸಾವಕಾರ್ರ, ಜರಾ ಕಮ್ಮಿ ಮಾಡ್ರಿ ಅಂದ್ರ ಮಾರಿ ಮ್ಯಾಲೆ ಊಸ್ ಅಂತ ಉಸಿರ ಬಿಡ್ತೀರಿ? ನಾವೇನ್ ಪುಕ್ಕಟೆ ಕೇಳಾಕ ಬಂದೀವೇನು?"

ಅವಳಿಗೆ ಹರಕೆಯ ಕತೆ ಹೇಳಿ, ಕೂದಲು ತೋರಿಸಿ, ಕಮ್ಮಿಯನ್ನೂ ಮಾಡಿ ಕಳಿಸಿದರಂತೆ. ಅವತ್ತು ಮನೆಗೆ ಬಂದು ನನ್ನ ಮುಂದೆ ಕೂತು, "ಏನರೆ ಮಾಡು ಇದಕ್ಕ" ಅಂದರು. ನಾನು ನನ್ನ ತುರುಬಿನಿಂದ ಎರಡು ಪಿನ್ನು ಕಿತ್ತು, ಎಡಕ್ಕೊಂದು ಬಲಕ್ಕೊಂದು ಹಚ್ಚಿದೆ. ಕನ್ನಡಿ ನೋಡಿಕೊಂಡರು. "ಕಾಣಸ್ತದ ಕಣ್ಣು" ಅಂದರು, ಅಷ್ಟೇ.

ಸೀರೆ ಅಂಗಡಿಗೆ ಹೋದವರಿಗೆ ಗೊತ್ತು, ಸೆರಗು ಹೇಗೆ ಕಾಣುತ್ತದೆ ಎಂದು ತೋರಿಸಲು ಅಂಗಡಿಯವರು ತಮ್ಮ ಹೆಗಲ ಮೇಲೇ ಹಾಕಿಕೊಂಡು ನಿಲ್ಲುತ್ತಾರೆ. ಹಣೆಗೆ ವಿಭೂತಿ, ಮೀಸೆ, ಎರಡೂ ಕಡೆ ಪಿನ್ನು, ಹೆಗಲ ಮೇಲೆ ಗುಲಾಬಿ ಸೆರಗು. ಆ ದೃಶ್ಯ ನೋಡಲೆಂದೇ ಓಣಿಯ ಹೆಂಗಸರು ರವಿಕೆ ಬಟ್ಟೆಯ ನೆಪ ಮಾಡಿ ಹೋಗುತ್ತಿದ್ದರು. "ಅಣ್ಣಾ, ಇದು ನಮಗಿಂತ ನಿಮಗೇ ಭಾಳ ಒಪ್ಪತದ, ನೀವೇ ಇಟ್ಕೋರಿ" ಎಂದು ಒಬ್ಬಳು. "ಜರಾ ತಿರುಗಿ ನಿಂದ್ರಿ, ನಿರಿಗಿ ಹೆಂಗ ಬರ್ತಾವ ನೋಡೋಣು" ಎಂದು ಇನ್ನೊಬ್ಬಳು. ನಮ್ಮವರು ನಗದೆ ತಿರುಗಿ ನಿಂತರಂತೆ. ವ್ಯಾಪಾರಸ್ಥರ ತಾಳ್ಮೆ ಅದು, ನನಗಿಲ್ಲ.

ಶಹಾಬಾದಿನಲ್ಲಿ ತಂಗಿಯ ಕಡೆಯ ಒಂದು ಮದುವೆಗೆ ಹೋದಾಗಿನ ಸುದ್ದಿ ಬೇರೆ. ಮದುವೆ ಎಂದು ಇವರು ಪಿನ್ನು ತೆಗೆದು, ಬಿಳಿ ಜುಬ್ಬಾ ಹಾಕಿ, ಕೂದಲನ್ನು ನೀರು ಹಚ್ಚಿ ಹಿಂದಕ್ಕೆ ಬಾಚಿಕೊಂಡಿದ್ದರು. ಊಟದ ಪಂಕ್ತಿಯ ಹತ್ತಿರ ಒಬ್ಬ ಮುದುಕಿ ಬಂದು, "ಬುದ್ಧಿ, ಯಾವ ಮಠದವ್ರು?" ಎನ್ನುತ್ತ ಕಾಲಿಗೇ ಬಿದ್ದಳು. ಇವರು ಗಾಬರಿಯಲ್ಲಿ ಕೈ ಎತ್ತಿ "ಛಲೋ ಆಗ್ಲಿ" ಅಂದುಬಿಟ್ಟರು. ಹಿಂದೆಯೇ ಇನ್ನಿಬ್ಬರು ಬಿದ್ದರು. ನನ್ನ ತಂಗಿ ನಕ್ಕು ನಕ್ಕು ಹೋಳಿಗೆ ತಟ್ಟೆಯನ್ನೇ ಕೆಡವಿದಳು. ವಾಪಸ್ ಬರುವಾಗ ಇವರು ಮೆಲ್ಲಗೆ ಕೇಳಿದರು: "ನಾ ಆಶೀರ್ವಾದ ಮಾಡಿದ್ದು ದೋಷ ಅಲ್ಲಲಾ?" ಒಳ್ಳೆಯ ಮಾತು ಯಾರ ಬಾಯಿಂದ ಬಂದರೂ ಒಳ್ಳೆಯದೇ ಎಂದು ಸಮಾಧಾನ ಹೇಳಿದೆ.

ಹಿಂದಿನ ಕತ್ತಿನ ಕೂದಲು ಮಾತ್ರ ಕಾಲರಿನ ಮೇಲೆ ಬಾಲದ ಹಾಗೆ ಎಲ್ಲಕ್ಕಿಂತ ಜಲ್ದಿ ಬೆಳೆಯಿತು. ಕಟಿಂಗ್ ಅಂಗಡಿಯ ಮಲ್ಲಣ್ಣ ಗಿರಾಕಿ ತಪ್ಪಿದ ದುಃಖದಲ್ಲಿ ಮನೆಗೇ ಬಂದು ಸಲಹೆ ಕೊಟ್ಟ. "ಅವ್ವೋರೆ, ಹಿಂದಿಂದು ಜರಾ ತೆಗೆದ್ರ ಮುಂದಿಂದು ಬರೋತನಕ ಬರೋಬರಿ ಕಾಣ್ತದ. ಎಲ್ಲರೂ ಹಂಗೇ ಮಾಡ್ತಾರ." ಕತ್ತರಿ ಮುಟ್ಟುವ ಹಾಗಿಲ್ಲ ಎಂದೆ. "ಹಂಗಾದ್ರ ದಿನಾ ತೊಳಿಬ್ಯಾಡ್ರಿ, ಹಸಿ ಇದ್ದಾಗ ಹಣಗಿ ಹಾಕಬ್ಯಾಡ್ರಿ, ವಾರಕ್ಕೊಮ್ಮೆ ಸೀಗೇಕಾಯಿ ಹಚ್ಚರಿ" ಎಂದು ಹೇಳಿ ಹೋದ. ಹಾಗಾಗಿ ಭಾನುವಾರ ಮುಂಜಾನೆ ಬಚ್ಚಲಲ್ಲಿ ಮಣೆ ಹಾಕಿ ಇವರನ್ನು ಕೂಡಿಸಿ ನಾನೇ ತಲೆ ತೊಳೆಯತೊಡಗಿದೆ. ಕಣ್ಣಿಗೆ ಸೀಗೇಕಾಯಿ ಹೋಯಿತು ಎಂದು ಮಗುವಿನ ಹಾಗೆ ಒದರುತ್ತಿದ್ದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರ ತಲೆಯ ಹಿಂದೆ ಒಂದು ಮಚ್ಚೆ ಇದೆ ಎಂದು ನನಗೆ ಅಲ್ಲೀವರೆಗೂ ಗೊತ್ತಿರಲಿಲ್ಲ.

ಹೀಗೆ ಎಂಟನೆಯ ತಿಂಗಳು ಬಂತು. ಇವರು ಕ್ಯಾಲೆಂಡರ್ ಮೇಲೆ ದಿನ ಹೊಡೆದುಹಾಕುತ್ತಿದ್ದರು. ಜಾವಳದ ದಿನ ಗೊತ್ತು ಮಾಡೋಣವೆಂದು ಇಬ್ಬರೂ ಚಿಂಚೋಳಿಗೆ ಹೋದೆವು. ಕೂಸು ದುಂಡಗೆ ತಾಯಿಯ ತೊಡೆಯ ಮೇಲೆ ಕೂತಿತ್ತು. ಬೀಗತಿ ಚಹಾ, ಒಗ್ಗರಣೆ ಮಂಡಕ್ಕಿಯ ಸೂಸಲ ತಂದಿಟ್ಟರು. ನಾನು ಮಾತು ತೆಗೆದೆ. ಅವರು ಗಲ್ಲಕ್ಕೆ ಕೈ ಇಟ್ಟುಕೊಂಡರು.

"ಒಂಬತ್ತನೇ ತಿಂಗಳಿಗಾ? ಅಯ್ಯ, ನಮ್ಮ ಮನ್ಯಾಗ ಹಂಗಿಲ್ರಿ ಬೀಗತೇರ. ನಾವು ತೆಗೆಸೋದು ಮೂರನೇ ವರ್ಷದಾಗ. ಮೊದ್ಲಿಂದ ಹಂಗೇ ಬಂದದ."

ನಾನು ಇವರ ಕಡೆ ನೋಡಲಿಲ್ಲ. ನೋಡಲು ಧೈರ್ಯ ಆಗಲಿಲ್ಲ. ಸೂಸಲ ಅಗಿಯುವ ಸಪ್ಪಳ ನಿಂತಿದ್ದು ಮಾತ್ರ ಕೇಳಿಸಿತು. ಆಮೇಲೆ ಬಹಳ ವಿನಯದ ದನಿ ಬಂತು.

"ಮೂರನೇ ವರ್ಷ ಅಂದ್ರ, ಎರಡು ತುಂಬಿದ ಮ್ಯಾಲೇನ್ರಿ, ಮೂರು ತುಂಬಿದ ಮ್ಯಾಲೇನ್ರಿ?"

"ಎರಡು ತುಂಬಿ ಮೂರರಾಗ ಬಿದ್ದ ಮ್ಯಾಲ್ರಿ."

ಮೂರು ತುಂಬಬೇಕಿಲ್ಲ, ಒಂದು ವರ್ಷ ಉಳಿಯಿತಲ್ಲ ಎಂದು ನಾನು ಅಲ್ಲಿಯೂ ಮನಸ್ಸಿನಲ್ಲಿ ಕೈ ಮುಗಿದೆ. ಹರಕೆಯ ವಿಷಯ ಬೀಗತಿಗೆ ಹೇಳಲಿಲ್ಲ. ಹೇಳಿದರೆ ನಮ್ಮ ಸಲುವಾಗಿ ಅವರು ಪದ್ಧತಿ ಮುರಿಯಬೇಕಾಗುತ್ತದೆ, ಅಥವಾ ಮುರಿಯಲೊಲ್ಲೆವೆಂದು ಹೇಳುವ ಸಂಕಟ ಅವರಿಗೆ. ಎರಡೂ ಬೇಡವಾಗಿತ್ತು.

ಸೇಡಂವರೆಗೆ ಬಸ್ಸಿನಲ್ಲಿ ಇವರು ಹೊರಗೆ ನೋಡುತ್ತ ಕೂತರು. ಕಿಟಕಿಯ ಗಾಳಿಗೆ ಕೂದಲು ಹಾರಿ ಮುಖಕ್ಕೆ ಬಡಿಯುತ್ತಿತ್ತು, ಸರಿಸಿಕೊಳ್ಳಲೂ ಇಲ್ಲ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚಿತ್ತಾಪುರದ ಬಸ್ಸಿಗೆ ಕಾಯುತ್ತ ಕೂತೆವು. ರಸ್ತೆಯ ಆಚೆ ಒಂದು ಕಟಿಂಗ್ ಅಂಗಡಿ. ಅದನ್ನು ಇಬ್ಬರೂ ನೋಡಿದೆವು, ಇಬ್ಬರೂ ನೋಡಲಿಲ್ಲವೆಂಬಂತೆ ಕೂತೆವು. ಕೊನೆಗೆ ನಾನೇ ಬಾಯಿ ಬಿಟ್ಟೆ.

"ನೋಡ್ರಿ, ಹರಕಿ ಹೊತ್ತಾಕಿ ನಾನು, ತಲಿ ನಿಮ್ದು. ನಿಮ್ಮನ್ನ ಕೇಳಲಿಲ್ಲ, ಅದು ನನ್ನ ತಪ್ಪು. ನೀವು ತೆಗೆಸ್ಕೊಂಡ್ರ ನಾ ಏನೂ ಅನ್ನಂಗಿಲ್ಲ. ದೇವರಿಗಿ ನಾನೇ ಜವಾಬು ಕೊಡ್ತೀನಿ."

ಇವರು ಎದ್ದರು. ಅಂಗಿಯ ಮಡಿಕೆ ಸರಿಮಾಡಿಕೊಂಡರು. ರಸ್ತೆ ದಾಟಿದರು. ನಡುವೆ ಒಂದು ಲಾರಿ ಬಂದು ನಿಂತಿತು, ಆಮೇಲೆ ನನಗೆ ಕಾಣಲಿಲ್ಲ.

ಆ ಸ್ವಲ್ಪ ಹೊತ್ತನ್ನು ಹೇಗೆ ಹೇಳಲಿ? ಹೆದರಿಕೆಯಾದಾಗ ಕೈ ಮುಗಿಯುವುದು ನನಗೆ ಉಸಿರಾಡಿದಷ್ಟೇ ಸಹಜ. ಅವತ್ತು ಕೈ ಎತ್ತಿದೆ, ಆದರೆ ಏನು ಬೇಡಲಿ? ಕೂಸಿಗೆ ಏನೂ ಆಗದಿರಲಿ ಎಂದು ಬೇಡಬಹುದಿತ್ತು, ಬೇಡಿದೆ. ಇವರು ಕತ್ತರಿ ಹಾಕಿಸದಿರಲಿ ಎಂದು ಬೇಡಲು ಬಾಯಿ ಬರಲಿಲ್ಲ. ಹಾಗೆ ಬೇಡಿದರೆ ಅವರ ತಲೆಯನ್ನು ಅವರಿಗೆ ತಿಳಿಯದ ಹಾಗೆ ಇನ್ನೊಮ್ಮೆ ಕೊಟ್ಟ ಹಾಗೆ. ಕೈ ಇಳಿಸಿ ಸುಮ್ಮನೆ ಕೂತೆ. ಏನನ್ನೂ ಕೇಳದೆ ಕೂತಿರುವುದು ನನಗೆ ರೂಢಿಯಿಲ್ಲ, ಬಹಳ ಕಷ್ಟವಾಯಿತು.

ಇವರು ಬಂದರು. ಕೂದಲು ಹೋಗುವಾಗ ಇದ್ದ ಹಾಗೇ ಇತ್ತು. ಕೈಯಲ್ಲಿ ಪೇಪರಿನಲ್ಲಿ ಕಟ್ಟಿದ ಬಿಸಿ ಭಜಿ.

"ಅಂಗಡಿ ಬಂದ್ ಅದ" ಅಂದರು.

ಲಾರಿ ಸರಿದಿತ್ತು. ಅಂಗಡಿ ನನಗೆ ನೇರವಾಗಿ ಕಾಣುತ್ತಿತ್ತು. ಕುರ್ಚಿಯ ಮೇಲೆ ಒಬ್ಬ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದ, ಕತ್ತರಿ ಆಡುತ್ತಿತ್ತು.

"ಹೌದ್ರೀ? ಬಂದ್ ಇದ್ರ ಏನ್ ಮಾಡಾಕ ಬರ್ತದ" ಅಂದೆ.

"ತಿನ್ನು, ಆರ್ತದ" ಅಂದರು.

ಭಜಿಯಲ್ಲಿ ಮೆಣಸಿನಕಾಯಿ ಖಾರವಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೊಂದು ನೆಪ ಸಿಕ್ಕಿತು.

ಉಳಿದದ್ದು ಸಲೀಸು. ಆರು ತಿಂಗಳಿಗೇ ಮಾತು ಕೇಳತೊಡಗಿದ್ದ ಕೂದಲು ಈಗ ರಬ್ಬರ್ ಬ್ಯಾಂಡಿಗೂ ಸಿಕ್ಕಿತು, ಒಂದು ವರ್ಷಕ್ಕೆ ಹೆಗಲಿಗೆ ಬಂತು. ಗಿರಾಕಿಗಳು ನಗುವುದನ್ನು ಬಿಟ್ಟು ಯಾವ ಎಣ್ಣೆ ಎಂದು ಕೇಳತೊಡಗಿದರು. ಮೊಮ್ಮಗಳು ಬಂದಾಗಲೆಲ್ಲ ಅಜ್ಜನ ಬೆನ್ನು ಹತ್ತಿ ಆ ಜುಟ್ಟನ್ನೇ ಲಗಾಮು ಮಾಡಿಕೊಂಡು ಕುದುರೆ ಓಡಿಸುತ್ತಿದ್ದಳು.

ಹೋದ ವರ್ಷ ಮಲ್ಲಯ್ಯನ ಗುಡ್ಡದ ಮೇಲೆ ಜಾವಳ ಆಯಿತು. ಸೋದರಮಾವ, ಅಂದರೆ ನನ್ನ ಮಗ, ಮೊದಲ ಎಳೆ ಕತ್ತರಿಸಬೇಕು. ಕತ್ತರಿ ಕಂಡದ್ದೇ ಮೊಮ್ಮಗಳು ಗುಡ್ಡ ಬಿರಿಯುವ ಹಾಗೆ ಕಿರುಚಿದಳು. ಹಿಡಿದವರಿಗೆಲ್ಲ ಒದ್ದಳು. ಆಗ ಇವರು, "ತಡೀರಿ, ಮೊದಲ ನಂದಾಗಲಿ, ಕೂಸು ನೋಡ್ಲಿ" ಎಂದು ಕೂತರು. ಕೂದಲು ಎಳೆ ಎಳೆಯಾಗಿ ಮಡಿಲಿಗೆ ಬಿದ್ದಿತು. ಅವಳು ಅಳು ನಿಲ್ಲಿಸಿ ಬೆರಳು ಬಾಯಲ್ಲಿಟ್ಟುಕೊಂಡು ನೋಡಿದಳು. ಎಲ್ಲ ಆದ ಮೇಲೆ ಹತ್ತಿರ ಬಂದು ಆ ಬೋಳು ತಲೆಯ ಮೇಲೆ ಅಂಗೈ ಇಟ್ಟು, "ಅಜ್ಜಾ ಖಾಲಿ!" ಅಂದಳು. ನಕ್ಕಳು. ಆ ಖಾಲಿ ಅಜ್ಜನ ತೊಡೆಯ ಮೇಲೆ ಕೂತು ತಾನೂ ಖಾಲಿಯಾದಳು. ಇವರು ಈಗ ಮತ್ತೆ ಹದಿನೈದು ದಿನಕ್ಕೊಮ್ಮೆ ಮಲ್ಲಣ್ಣನ ಅಂಗಡಿಗೆ ಹೋಗುತ್ತಾರೆ. ಆದರೆ ಸೀರೆ ಮಡಿಚುವಾಗ ಕೆಲವೊಮ್ಮೆ, ಕಣ್ಣಿಗೆ ಬೀಳದ ಕೂದಲನ್ನು ತಲೆ ಕೊಡವಿ ಹಿಂದಕ್ಕೆ ಹಾಕುತ್ತಾರೆ.

ಅವತ್ತು ವಾಡಿಯಿಂದ ಮನೆ ಮುಟ್ಟಿ ಕೈಕಾಲು ತೊಳೆಯುವಷ್ಟರಲ್ಲಿ ಮಗಳ ಫೋನು ಬಂತು. ಮತ್ತೆ ಬಸುರಿ. ನಾಲ್ಕನೆಯ ತಿಂಗಳು. "ಡಾಕ್ಟರು ಗಾಬರಿ ಆಗೋದೇನಿಲ್ಲ, ಮೊದ್ಲಿಂದು ಹಂಗಾಗಿತ್ತಲ್ಲ, ಜರಾ ಜ್ವಾಕಿ ಇರು ಅಂದಾರವ್ವ" ಅಂದಳು. ನಾನು ದೇವರ ಜಗಲಿಯ ಮುಂದೆ ನಿಂತೆ, ಕೈ ಮುಗಿದೆ, ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿಕೊಂಡು ಪಡಸಾಲೆಗೆ ಹೋದೆ. ಇವರು ಪೇಪರ್ ಓದುತ್ತಿದ್ದರು.

"ಏನ್ರೀ, ಒಂದು ಕೇಳಬೇಕಾಗ್ಯಾದ."

ಸುದ್ದಿಯನ್ನೂ ಹೇಳಿ ಕೇಳಿದೆ. ಅವರು ಪೇಪರ್ ಇಳಿಸಿ ಕೈಯಿಂದ ತಲೆ ಸವರಿಕೊಂಡರು. ಇಷ್ಟು ಅಗಲ ನಕ್ಕರು.

"ಈ ಸಲ ಕೇಳಿದೆಲ್ಲ, ಭಾಳ ದೊಡ್ಡ ಮಾತು. ನನ್ನ ತಲಿ ಬ್ಯಾಡಂತೂ ಅನ್ನಂಗಿಲ್ಲ. ಖರೇ, ನಿಂದ ಏನರೆ ಇಡಾಕ ಬರ್ತದೇನ ನೋಡು ಮೊದಲ."

ನನ್ನದು ಏನಿದೆ ಎಂದು ಒಲೆಯ ಮುಂದೆ ನಿಂತು ವಿಚಾರ ಮಾಡಿದೆ. ಬಹಳ ಹುಡುಕಬೇಕಾಗಲಿಲ್ಲ, ಎದುರಿಗೇ ಕುದಿಯುತ್ತಿತ್ತು. ದಿನಕ್ಕೆ ಆರು ಸಲ ಚಹಾ ಕುಡಿಯುವವಳು ನಾನು. ಕೂಸು ಮನೆಗೆ ಬರುವ ತನಕ ಬಿಟ್ಟೆ ಎಂದು ಮಲ್ಲಯ್ಯನಿಗೆ ಹೇಳಿದೆ. ಕುದಿದ ಚಹಾವನ್ನು ಇವರಿಗೇ ಕೊಟ್ಟೆ. ಬೇಕೆಂದೇ ಸುರ್ ಎಂದು ಸಪ್ಪಳ ಮಾಡಿ ಕುಡಿದರು.

ಇವತ್ತಿಗೆ ಹನ್ನೊಂದನೆಯ ದಿನ. ಮೊದಲ ದಿನದಿಂದಲೂ ತಲೆ ಸಿಡಿಯುತ್ತಿದೆ. ನನ್ನದೇ ತಲೆ, ಯಾರ ಮೇಲೂ ದೂರು ಇಲ್ಲ.